ಧೊಪ್ಪಣ್ಣನ ಬೀಳುವ ಕೆಲಸ

ನಮ್ಮ ಬೀದಿಯ ಕುಸ್ತಿ ಶಾಲೆಯಿಂದ ಸೋತು ಮನೆಗೆ ಹೋದ ಒಂದೇ ಒಂದು ಮಗುವನ್ನು ತೋರಿಸಿದರೆ ನನ್ನ ಟೈರ್ ಅಂಗಡಿಯನ್ನು ಅವರ ಹೆಸರಿಗೆ ಬರೆದುಕೊಡುತ್ತೇನೆ ಎಂದು ನಾನು ಬಹಳ ವರ್ಷ ಕೊಚ್ಚಿಕೊಂಡು ತಿರುಗಿದೆ. ಶಾಲೆ ಇದ್ದದ್ದು ನನ್ನ ಅಂಗಡಿಯ ನೆತ್ತಿಯ ಮೇಲೆ. ಸಂಜೆ ಮರದ ಮೆಟ್ಟಿಲು ಹತ್ತುವಾಗ ಇಲಿಮರಿಗಳಂತಿದ್ದ ಹುಡುಗರು, ಇಳಿಯುವಾಗ ಭುಜ ಎರಡೂ ಕಡೆಯ ಗೋಡೆಗೆ ತಾಗುವಂತೆ ಇಳಿಯುತ್ತಿದ್ದರು. ಮೂವತ್ತು ಕಿಲೋ ತೂಗದ ಪೋರ ಕೂಡ ಎಂಬತ್ತೈದು ಕಿಲೋ ಗಂಡಸನ್ನು ನೆಲಕ್ಕೆ ಕೆಡವಿಯೇ ಮನೆಗೆ ಹೋಗುತ್ತಿದ್ದ. ದಿನಾ ಕೆಡವಿಸಿಕೊಳ್ಳುತ್ತಿದ್ದ ಆ ಗಂಡಸಿನ ಕಥೆ ಇದು.

ಅವನನ್ನು ಬೀದಿಯೆಲ್ಲ ಧೊಪ್ಪಣ್ಣ ಎನ್ನುತ್ತಿತ್ತು. ತಾಯಿತಂದೆ ಇಟ್ಟ ಹೆಸರು ಅವನ ಹೆಂಡತಿಗೂ ಮರೆತುಹೋಗಿತ್ತೆಂದು ಕಾಣುತ್ತದೆ. ಹಗಲು ನನ್ನ ಅಂಗಡಿಯಲ್ಲಿ ಲಾರಿ ಟೈರ್ ಬಿಚ್ಚುವ, ತೊಡಿಸುವ ಕೆಲಸ. ಸಂಜೆ ಕೈಯ ಮಸಿ ತೊಳೆದು ಮೇಲಕ್ಕೆ ಹೋಗಿ ಬೀಳುವ ಕೆಲಸ. ಬೀಳುವುದೂ ಒಂದು ಕೆಲಸವೇ ಎಂದು ಮೂಗು ಮುರಿಯಬೇಡಿ. ಮಗು ಬಂದು ಸೊಂಟಕ್ಕೆ ಕೈಹಾಕಿ ತಿರುಗುವ ಗಳಿಗೆಗೆ ಸರಿಯಾಗಿ ಇವನು ತುದಿಗಾಲಿನಲ್ಲಿ ಚಿಮ್ಮಬೇಕು. ಮುಂಚೆ ಚಿಮ್ಮಿದರೆ ನಾಟಕ ಬಯಲು, ತಡವಾದರೆ ಮಗುವಿನ ಬೆನ್ನು ಮುರಿಯುತ್ತದೆ. ಗಾಳಿಯಲ್ಲೇ ಮೈ ತಿರುವಿ, ಬೆನ್ನು ತಾಗುವ ಮುಂಚೆ ಒಂದು ತೋಳನ್ನು ಮ್ಯಾಟಿಗೆ ಬೀಸಿ ಹೊಡೆಯಬೇಕು. ಸದ್ದೆಲ್ಲ ತೋಳಿನದು, ಬೆನ್ನಿಗೆ ನೋವಿಲ್ಲ. ಆ ಸದ್ದಿಗೆ ನಮ್ಮ ಬೀದಿಯ ಪಾರಿವಾಳಗಳು ವಲಸೆ ಹೋದವು, ಇನ್ನೂ ವಾಪಸ್ ಬಂದಿಲ್ಲ. ನನ್ನ ಅಂಗಡಿಯ ಮಾಡಿನಿಂದ ಉದುರಿ ನಾನು ಟೀ ಜೊತೆ ಕುಡಿದ ಸುಣ್ಣದಲ್ಲಿ ಒಂದು ಮನೆಗೆ ಎರಡು ಸಲ ಬಳಿಯಬಹುದಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಧೊಪ್ಪಣ್ಣ ಆ ತಕರಾರೇ ಬೇಡವೆಂದು ಮೀಸೆಯನ್ನೇ ಬೋಳಿಸಿಬಿಟ್ಟಿದ್ದ.

ಬಿದ್ದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ನಾಚಿಕೆಯ ಹುಡುಗನಾದರೆ ಎದ್ದು ಪಕ್ಕೆಲುಬು ಹಿಡಿದುಕೊಂಡು, "ಏನಪ್ಪಾ ಇದು ಕೈಯಾ, ಜಾಕಿಯಾ?" ಎನ್ನುತ್ತಿದ್ದ. ಬಡಾಯಿ ಹುಡುಗನಾದರೆ ಸತ್ತವನಂತೆ ಮಲಗೇ ಇರುತ್ತಿದ್ದ. ಹಿಂದಿನ ದಿನ ಅತ್ತು ಹೋದ ಹುಡುಗನಿಗೆ ಎರಡು ಸಲ ಬೀಳುತ್ತಿದ್ದ. ಯಾರಿಗೆ ಎಷ್ಟು ಧೈರ್ಯ ಬೇಕು ಎಂದು ಅಳೆದು ಕೊಡುವುದರಲ್ಲಿ ಅವನಿಗೆ ಸಮನಾದವರನ್ನು ನಾನು ಕಾಣೆ.

ಇದೆಲ್ಲ ಶಾಲೆಯ ಮೇಷ್ಟ್ರ ಸಿದ್ಧಾಂತ. ಮೇಷ್ಟ್ರು ಒಂದು ಸಲ ಗಂಟಲು ಬಿಟ್ಟು ಹುರಿದುಂಬಿಸಿದರೆ ಗೋಡೆಯ ಹಲ್ಲಿಯೂ ಎದೆ ಸೆಟೆಸಿ ಬಲ್ಬಿನ ಮೇಲೆ ಹಾರುತ್ತಿತ್ತು. "ಗೆದ್ದ ರುಚಿ ನಾಲಿಗೆಗೆ ಹತ್ತಲಿ. ಪಟ್ಟು ತಾನಾಗೇ ಬರುತ್ತೆ," ಎನ್ನುತ್ತಿದ್ದರು. ಬೆಂಚಿನ ಮೇಲೆ ಕೂತ ತಾಯಂದಿರು ತಮ್ಮ ಕೂಸು ಭೀಮನನ್ನು ಕೆಡವಿದ್ದು ನೋಡಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗಂಡುಹುಡುಗರಿಗೆ ಇದರಿಂದ ದೊಡ್ಡ ಕೇಡೇನೂ ಆಗಲಿಲ್ಲ. ಧೊಪ್ಪಣ್ಣನನ್ನು ಕೆಡವಿದ ಮೇಲೆ ಅವರು ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಡುತ್ತಿದ್ದರು. ಯಾರ ಬಲ ಎಷ್ಟು ಎಂಬುದನ್ನು ಅವರವರ ಮೂಗೇ ಅವರಿಗೆ ಹೇಳುತ್ತಿತ್ತು.

ಕೇಡಾದದ್ದು ಧೊಪ್ಪಣ್ಣನ ಮಗಳಿಗೆ.

ಅಪ್ಪನ ಬೆರಳು ಹಿಡಿದು ಮೆಟ್ಟಿಲು ಹತ್ತಿದಾಗ ಅವಳಿಗೆ ಇನ್ನೂ ಹಾಲುಹಲ್ಲು ಉದುರುತ್ತಿದ್ದವು. ಅಲ್ಲಿ ಇನ್ನೊಂದು ಹೆಣ್ಣುಮಗು ಇರಲಿಲ್ಲ. ಅವಳ ಜೊತೆ ಆಡಲು ಹುಡುಗರು ಒಪ್ಪಲಿಲ್ಲ. ಗೆದ್ದರೆ ಮರ್ಯಾದೆಯಿಲ್ಲ, ಸೋತರೆ ಬೀದಿಯಲ್ಲಿ ತಲೆಯೆತ್ತುವ ಹಾಗಿಲ್ಲ. ಅವರ ಅಮ್ಮಂದಿರಂತೂ, "ನಮ್ಮ ಹುಡುಗ ಹುಡುಗಿ ಮೇಲೆ ಕೈಹಾಕೋದು ಬೇಡ ಮೇಷ್ಟ್ರೇ," ಎಂದು ಕಡ್ಡಿ ಮುರಿದಂತೆ ಹೇಳಿದರು. ಹಾಗಾಗಿ ಆ ಮಗು ಆಡಿದ್ದೆಲ್ಲ ಅಪ್ಪನ ಜೊತೆ. ದಿನವೂ ಸೊಂಟದ ಪಟ್ಟು, ದಿನವೂ ಧೊಪ್. ಹದಿನಾಲ್ಕು ತುಂಬುವ ಹೊತ್ತಿಗೆ ಅವಳ ನಡಿಗೆ ಹೇಗಿತ್ತೆಂದರೆ, ಎದುರಿಗೆ ಬಂದ ಲಾರಿಯೇ ಹಾರ್ನ್ ಹಾಕದೆ ಪಕ್ಕಕ್ಕೆ ಸರಿಯುತ್ತಿತ್ತು.

ಆ ವರ್ಷ ಕ್ರೀಡಾ ವಸತಿ ಶಾಲೆಗೆ ಆಯ್ಕೆ ನಡೆಯುವುದೆಂದು ಸುದ್ದಿ ಬಂತು. ಗೆದ್ದವರಿಗೆ ಓದು, ಊಟ, ಕುಸ್ತಿ ಎಲ್ಲ ಅಲ್ಲೇ. ಧೊಪ್ಪಣ್ಣನ ಹೆಂಡತಿ ಸೋಫಾ ಹೊದಿಕೆ ಹೊಲಿಯುವವಳು. ಉಳಿದ ದಪ್ಪ ಬಟ್ಟೆಯಲ್ಲಿ ಮಗಳಿಗೊಂದು ಚೀಲ ಹೊಲಿದಳು. ಮಗಳು ತನ್ನ ಬಟ್ಟೆಗಳನ್ನು ಆಗಲೇ ಅದರಲ್ಲಿ ತುಂಬಿ, ದಿನಾ ಬೆಳಗ್ಗೆ ಅದರಿಂದಲೇ ತೆಗೆದು ಹಾಕಿಕೊಳ್ಳುತ್ತಿದ್ದಳು. ನಾಳೆಯೇ ಹೊರಡುವವಳ ಹಾಗೆ.

ಒಂದು ಮಧ್ಯಾಹ್ನ ಟೈರಿನ ಮೇಲೆ ಕೂತು ಬುತ್ತಿ ಬಿಚ್ಚಿದ ಧೊಪ್ಪಣ್ಣ ತುತ್ತು ಎತ್ತಲೇ ಇಲ್ಲ.

"ಅಣ್ಣಾ, ಅವಳ ಸೊಂಟ ಕೆಳಗೆ ಬರ್ತಿಲ್ಲ."

"ಯಾರ ಸೊಂಟವೋ?"

"ಮಗಳದ್ದು. ಆ ಪಟ್ಟಲ್ಲಿ ನಮ್ಮ ಸೊಂಟ ಎದುರಾಳಿ ಸೊಂಟದ ಕೆಳಗೆ ಹೋಗಬೇಕು. ಆಗ ಜಾಕಿ ಲಾರಿ ಎತ್ತಿದ ಹಾಗೆ ಮೇಲೆ ಏಳ್ತಾನೆ. ಇವಳು ಸುಮ್ನೆ ತಿರುಗ್ತಾಳೆ ಅಷ್ಟೆ. ಮಿಕ್ಕಿದ್ದೆಲ್ಲ ನಾನೇ ಹಾರೋದು."

"ಮೇಷ್ಟ್ರಿಗೆ ಹೇಳು ಮತ್ತೆ."

"ಹೇಳಿದೆ. ಧೈರ್ಯ ಮೊದಲು, ಸೊಂಟ ಆಮೇಲೆ ಅಂದ್ರು."

"ಹಾಗಾದ್ರೆ ಒಂದು ದಿನ ಹಾರಬೇಡ ಮಾರಾಯ. ತಾನಾಗೇ ತಿಳೀತಾಳೆ."

ಅವನಿಗೂ ಅದು ಸರಿಯೆನಿಸಿತು. ಆ ಸಂಜೆ ಹಾರುವುದಿಲ್ಲ ಎಂದು ಹೆಂಡತಿಗೆ ಹೇಳಿ, ನನಗೆ ಹೇಳಿ, ಮೆಟ್ಟಿಲು ಹತ್ತುವಾಗ ತನಗೂ ಒಂದು ಸಲ ಹೇಳಿಕೊಂಡು ಹೋದ. ನಾನು ಕೆಳಗೆ ಟ್ಯೂಬು ನೀರಿಗೆ ಅದ್ದಿ ಪಂಚರ್ ಹುಡುಕುತ್ತಾ ಕಿವಿ ಮೇಲಿಟ್ಟು ಕೂತಿದ್ದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಪರವಾಗಿಲ್ಲ, ಗಟ್ಟಿಗ ಎಂದುಕೊಂಡೆ. ಅಷ್ಟರಲ್ಲಿ ಮಾಡು ನಡುಗಿತು. ಧೊಪ್! ಸುಣ್ಣ ಬಂದು ನೀರಿನ ತೊಟ್ಟಿಗೆ ಬಿತ್ತು.

ಇಳಿದು ಬಂದವನು ನನ್ನ ಮುಖ ನೋಡಲಿಲ್ಲ. "ನಾನು ಬೀಳಲಿಲ್ಲ ಅಣ್ಣಾ. ಕಾಲು ಬಿತ್ತು," ಎಂದ.

"ಕಾಲು ನಿಂದಲ್ವಾ?"

"ಹಗಲಲ್ಲಿ ನಂದು. ಮ್ಯಾಟ್ ಹತ್ತಿದ ಮೇಲೆ ಮೇಷ್ಟ್ರದ್ದು. ಅವಳ ಕೈ ಸೊಂಟಕ್ಕೆ ತಾಗ್ತು ನೋಡು, ಹಾರಿಯೇ ಬಿಡ್ತು." ಟೈರಿನ ಮೇಲೆ ಕೂತು ಮತ್ತೆ ಹೇಳಿದ: "ಅವಳು ನಗ್ತಾಳೆ ಅಣ್ಣಾ, ನಾನು ಬಿದ್ದಾಗ. ಆ ನಗು ನೋಡಿದ್ರೆ ನಾಳೆ ನೋಡೋಣ ಅನ್ಸುತ್ತೆ."

ಆ ನಾಳೆ ಬರಲಿಲ್ಲ, ಆಯ್ಕೆಯ ದಿನ ಬಂತು. ಅಂಗಡಿಗೆ ಬೀಗ ಹಾಕಿ ನಾನೂ ಹೋದೆ. ದೊಡ್ಡ ಒಳಾಂಗಣ, ನಾಲ್ಕು ಮ್ಯಾಟು, ಕೂಗಾಟ. ಮೇಷ್ಟ್ರು ಹುಡುಗಿಯ ಭುಜ ತಟ್ಟಿ, "ನೀನು ಎಂಬತ್ತೈದು ಕಿಲೋ ಎತ್ತಿ ಒಗೆದೋಳು. ಇದು ಯಾವ ಲೆಕ್ಕ?" ಎಂದರು. ಎದುರಾಳಿಯಾಗಿ ಬಂದವಳು ಒಣಕಡ್ಡಿ. ಜೋರಾಗಿ ಸೀನಿದರೆ ಮೂರು ಬೀದಿ ಆಚೆ ಹೋಗಿ ಬೀಳುವ ಹಾಗಿದ್ದಳು. ನನಗೇ ಅಯ್ಯೋ ಪಾಪ ಎನಿಸಿತು.

ಸೀಟಿ ಊದಿದರು. ನಮ್ಮ ಹುಡುಗಿ ಹೋಗಿ ಸೊಂಟಕ್ಕೆ ಕೈಹಾಕಿ ತಿರುಗಿದಳು. ಕಡ್ಡಿ ಅಲುಗಲಿಲ್ಲ. ತಿರುಗಿದ ನಮ್ಮವಳ ಬೆನ್ನು ಅವಳ ಎದೆಗೆ ಬಂತು. ಕಡ್ಡಿಗೆ ಬೇಕಾದದ್ದೂ ಅದೇ. ಹಿಂದಿನಿಂದ ಅವುಚಿ, ಎತ್ತಿ, ಚಿತ್ ಮಾಡಿ ಎದ್ದು ನಿಂತು ಜಡೆ ಸರಿಮಾಡಿಕೊಂಡಳು. ಇನ್ನೊಬ್ಬಳ ಜೊತೆ ಎರಡನೆಯ ಪಂದ್ಯ. ಅದೇ ಪಟ್ಟು, ಅದೇ ಬೆನ್ನು, ಅದೇ ಚಿತ್. ನಾನು ಮೂಗಿನ ಮೇಲೆ ಬೆರಳಿಡುವಷ್ಟರಲ್ಲಿ ಎರಡೂ ಮುಗಿದಿದ್ದವು.

ಹುಡುಗಿ ಅಳಲಿಲ್ಲ. ಸಿಟ್ಟಿನಿಂದ ಬಂದು ಅಪ್ಪನ ಎದುರು ನಿಂತಳು.

"ಅಪ್ಪಾ, ಅವರಿಗೆ ಸರಿಯಾಗಿ ಬೀಳೋಕೇ ಬರಲ್ಲ!"

ಪಕ್ಕದಲ್ಲಿ ಕೂತಿದ್ದ ಯಾರದೋ ತಂದೆ ಕಿಸಕ್ಕನೆ ನಕ್ಕ. ನಾನು ಜೀವಮಾನದಲ್ಲಿ ಕೇಳಿದ ಅತ್ಯಂತ ದೊಡ್ಡ ತಮಾಷೆ ಅದೇ. ನನಗೆ ನಗು ಬರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಮೇಷ್ಟ್ರು ಮುಂದಿನ ಸೀಟಿನಿಂದ ತಿರುಗಿ, "ರೆಫ್ರಿ ಮೋಸ ಮಾಡಿದ. ತಲೆ ಕೆಡಿಸ್ಕೋಬೇಡ," ಎಂದು ಎರಡು ಸಲ ಹೇಳಿದರು. ಅವಳು ಕೇಳಿಸಿಕೊಂಡಂತಿರಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಅಪ್ಪನ ಕಡೆ ನೋಡದೆ ಕೇಳಿದಳು:

"ನೀನು ಹಾರ್ತಿದ್ಯಾ?"

ಧೊಪ್ಪಣ್ಣ ಉಗುರಿನೊಳಗಿನ ಮಸಿ ಕೆದಕುತ್ತಿದ್ದ. ಬಸ್ಸು ಒಂದು ಗುಂಡಿಗೆ ಇಳಿದು ಹತ್ತಿತು.

"ಹೂಂ."

"ಎಲ್ಲಾ ಸಲಾನೂ?"

"ಹೂಂ ಪುಟ್ಟೀ."

ಮರುದಿನ ಸಂಜೆ ಅವಳು ಎಂದಿಗಿಂತ ಮೊದಲೇ ಮೇಲೆ ಹೋದಳು. ಹಿಂದೆಯೇ ಅಪ್ಪ. ಈ ಸಲ ನಾನು ಕೆಳಗೆ ಕೂರಲಾರದೆ ಮೆಟ್ಟಿಲ ತುದಿಗೆ ಹೋಗಿ ನಿಂತೆ. ಹುಡುಗರೆಲ್ಲ ಇದ್ದರು, ಬೆಂಚಿನ ತುಂಬ ತಾಯಂದಿರು. ಹುಡುಗಿ ಮ್ಯಾಟಿನ ನಡುವೆ ನಿಂತು ಅಪ್ಪನಿಗೆ, "ಬಾ. ಇವತ್ತು ನಿಜವಾಗ್ಲೂ ನಿಂತ್ಕೋ," ಎಂದಳು.

ಅವನು ಕಾಲಗಲಿಸಿ ನಿಂತ. ಅವಳು ಕೈಹಾಕಿದಳು. ಅವನ ಹಿಮ್ಮಡಿ ಎರಡೂ ನೆಲ ಬಿಟ್ಟು ಎದ್ದವು. ಹಾರಿಯೇ ಬಿಟ್ಟ ಎಂದು ನಾನು ಕಣ್ಣು ಮುಚ್ಚಿದೆ. ಸದ್ದು ಬರಲಿಲ್ಲ. ಕಣ್ಣು ಬಿಟ್ಟಾಗ ಅವನು ಕೆಳತುಟಿ ಕಚ್ಚಿಕೊಂಡು ನಿಂತಿದ್ದ, ಗದ್ದದ ಮೇಲೆ ಸಣ್ಣಗೆ ರಕ್ತ ಇಳಿದಿತ್ತು.

ಅವಳು ಬಿಟ್ಟು, ಮತ್ತೆ ಹಿಡಿದಳು. ಎಡದಿಂದ ಎಳೆದಳು, ಬಲದಿಂದ ಎಳೆದಳು. ಕಾಲಿಗೆ ಕಾಲು ಕೊಟ್ಟಳು. ತಲೆಯಿಂದ ಎದೆಗೆ ಗುದ್ದಿದಳು. ಅಷ್ಟು ಎಳೆತಕ್ಕೆ ನನ್ನ ಅಂಗಡಿಯೇ ಬುಡಸಮೇತ ಕಿತ್ತು ಬರಬೇಕಿತ್ತು. ಅವನು ಬರಲಿಲ್ಲ.

"ಬೀಳೋ!" ಎಂದು ಮೇಷ್ಟ್ರು ಹಲ್ಲು ಕಚ್ಚಿ ಗದರಿದರು. "ಮಕ್ಕಳು ನೋಡ್ತಿದ್ದಾರೆ, ಬೀಳೋ ಮುಠ್ಠಾಳ!"

ಮಕ್ಕಳು ನೋಡುತ್ತಲೇ ಇದ್ದರು. ಕೊಬ್ಬಿದ ಹುಡುಗನೊಬ್ಬ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಮೊನ್ನೆ ತಾನೇ ಅವನು ಇದೇ ಮನುಷ್ಯನನ್ನು ಒಂದೇ ಕೈಯಲ್ಲಿ ಕೆಡವಿದ್ದ.

ಕೊನೆಗೆ ಹುಡುಗಿ ಅಲ್ಲೇ ಕುಸಿದು ಕೂತಳು. ಧೊಪ್ಪಣ್ಣ ಅವಳ ಪಕ್ಕ ಮಂಡಿಯೂರಿ, "ಸೊಂಟ ಕೆಳಗೆ ತಗೋಬೇಕು ಪುಟ್ಟೀ. ಇಲ್ಲಿ ನೋಡು, ಈ ಮೂಳೆ ಕೆಳಗೆ. ನಾನು ಹೇಳಿಕೊಡ್ತೀನಿ. ಮೊದಲಿಂದ ಶುರು ಮಾಡೋಣ," ಎಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

"ಇಷ್ಟು ದಿನ ಹೇಳಿಕೊಟ್ಟಿದ್ದೇ ಸಾಕು," ಎಂದಳು ಅವಳು. ಎದ್ದು ಚಪ್ಪಲಿ ಹಾಕಿಕೊಂಡು ನನ್ನನ್ನು ಸರಿಸಿ ಮೆಟ್ಟಿಲಿಳಿದು ಹೋದಳು. ಸೋತು ಮನೆಗೆ ಹೋದ ಮಗುವನ್ನು ತೋರಿಸಿ ಎಂದು ಸವಾಲು ಹಾಕಿದ್ದೆನಲ್ಲ, ಆ ಮಗು ನನ್ನ ಮೈಗೆ ತಾಗಿಕೊಂಡೇ ಹೋಯಿತು. ನ್ಯಾಯವಾಗಿ ಅಂಗಡಿ ಅವಳಿಗೆ ಸೇರಬೇಕು. ಅವಳು ಕೇಳಲಿಲ್ಲ, ನಾನೂ ಜಾಣಕಿವುಡನಾದೆ.

ಆಮೇಲೆ ಅವಳು ಆ ಮೆಟ್ಟಿಲು ಹತ್ತಲಿಲ್ಲ, ಧೊಪ್ಪಣ್ಣನೂ ಹತ್ತಲಿಲ್ಲ. ಚೀಲವನ್ನು ಅವಳ ಅಮ್ಮ ಬಿಚ್ಚಿ ಯಾರದೋ ಸೋಫಾಕ್ಕೆ ತೋಳು ಹೊಲಿದಳು. ಹುಡುಗಿ ಈಗ ಚೆನ್ನಾಗಿಯೇ ಓದುತ್ತಾಳೆ. ಆದರೆ ಅಪ್ಪ "ಜಾಣೆ ಕಣೇ ನೀನು" ಎಂದರೆ, "ಬೇರೆಯವರು ಹೇಳಲಿ," ಎನ್ನುತ್ತಾಳಂತೆ. ಬೇರೆಯವರು ಹೇಳಿದರೆ ಅವರನ್ನೂ ಮೇಲಿಂದ ಕೆಳಗೆ ನೋಡುತ್ತಾಳಂತೆ. ಊಟಕ್ಕೆ ಕೂತಾಗ ಅಪ್ಪನಿಗೆ ಬಡಿಸುತ್ತಾಳೆ, ಮಾತಾಡುತ್ತಾಳೆ, ಎಲ್ಲ ಸರಿ. ಅವನು ಕಾಲು ಜಾರಿ ತೂರಾಡಿದರೆ ಮಾತ್ರ ಹಿಡಿಯಲು ಕೈ ಚಾಚುವುದಿಲ್ಲ. ಸುಮ್ಮನೆ ನಿಂತು, ಇದು ನಿಜವೋ ಸುಳ್ಳೋ ಎಂದು ನೋಡುತ್ತಾಳೆ. ಇದನ್ನು ಹೇಳಿದ ದಿನ ಧೊಪ್ಪಣ್ಣ ಒಂದೇ ಚಕ್ರದ ನಟ್ಟುಗಳನ್ನು ಮೂರು ಸಲ ಬಿಚ್ಚಿ ಮೂರು ಸಲ ಹಾಕಿದ.

ಶಾಲೆಯ ಬೆಂಚು ಬರಿದಾಗತೊಡಗಿತು. ಮೇಷ್ಟ್ರು ಬಾಡಿಗೆಗೆ ಇನ್ನೊಬ್ಬ ಬೀಳುವವನನ್ನು ತಂದರು. ಅವನು ಮಗು ಮುಟ್ಟುವ ಮುಂಚೆಯೇ ಹಾರಿ ನಗೆಪಾಟಲಾಗಿ ಓಡಿಹೋದ. ಕೊನೆಗೆ ಒಂದು ದಿನ ಸ್ಕೂಟರಿಗೆ ಗಾಳಿ ಹೊಡೆಸುವ ನೆವದಲ್ಲಿ ಮೇಷ್ಟ್ರೇ ನನ್ನ ಅಂಗಡಿಗೆ ಬಂದರು. ಗಾಳಿ ಮೊದಲೇ ಭರ್ತಿಯಿತ್ತು. ಧೊಪ್ಪಣ್ಣ ಲಾರಿಯಡಿಯಿಂದ ಹೊರಬಂದು ಕೈ ಒರೆಸಿಕೊಳ್ಳುತ್ತಾ ನಿಂತ.

"ಮತ್ತೆ ಬಾರಯ್ಯ," ಎಂದರು ಮೇಷ್ಟ್ರು. "ಮಕ್ಕಳು ನಿನ್ನ ಕೇಳ್ತಾರೆ. ಹುರುಪೇ ಇಲ್ಲ ಯಾರಿಗೂ."

ಅವನು ಒಂದೊಂದೇ ಬೆರಳಿನ ಮಸಿ ಒರೆಸತೊಡಗಿದ.

"ನಿಂಗೆ ಮೊಂಡು ಹಠ. ಮನೆ ಮಗು ಜೀವನಾನೇ ಹಾಳು ಮಾಡ್ಕೊಂಡೆ. ಆವತ್ತು ಒಂದೇ ಒಂದು ಸಲ ಬಿದ್ದಿದ್ರೆ ನಿನ್ನ ಮಗಳು ಇವತ್ತಿಗೂ ಕುಸ್ತಿ ಆಡ್ತಾ ಇರ್ತಿದ್ಲು. ಹೌದೋ ಅಲ್ವೋ?"

ಧೊಪ್ಪಣ್ಣ ಒರೆಸಿದ ಬಟ್ಟೆಯನ್ನು ಲಾರಿಯ ಬಂಪರಿನ ಮೇಲೆ ಇಟ್ಟ.

"ಹೌದು ಮೇಷ್ಟ್ರೇ, ಆಡ್ತಿದ್ಲು. ನನ್ನೊಬ್ಬನ ಜೊತೆ."