ಕಂಡಕ್ಟರ್ ಉಮೇಶರ ಕಿವಿಮೂಳೆ

ಕೊರೊನಾ ಗಲಾಟೆ ಮುಗಿದು ಆಸ್ಪತ್ರೆಗಳು ಮಾಮೂಲಿಗೆ ಮರಳಿದ್ದ ವರ್ಷ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಸಿಟಿ ಸ್ಕ್ಯಾನ್ ಯಂತ್ರಗಳ ಗುಣಮಟ್ಟ ಪರೀಕ್ಷೆ ನನ್ನ ಪಾಲಿಗೆ ಬಂದಿತ್ತು. ವೈದ್ಯಕೀಯ ಭೌತವಿಜ್ಞಾನಿ ಎಂದರೆ ಜನ "ಹಾಗಾದ್ರೆ ಡಾಕ್ಟ್ರಾ?" ಎಂದು ಕೇಳುತ್ತಾರೆ. ಅಲ್ಲ, ನಾನು ನೋಡುವುದು ಯಂತ್ರವನ್ನು ಮಾತ್ರ. ಅದು ತನ್ನ ನೋವು ಹೇಳಿಕೊಂಡು ತಲೆ ತಿನ್ನುವುದಿಲ್ಲವೆಂಬ ಸಮಾಧಾನ ನನಗಿತ್ತು.

ಒಂದು ಬೆಳಿಗ್ಗೆ ಮೂಡುಬಿದಿರೆಯ ಸ್ಕ್ಯಾನ್ ಕೇಂದ್ರವೊಂದರಲ್ಲಿದ್ದೆ. ಪರೀಕ್ಷೆಗೆ ಫ್ಯಾಂಟಮ್ ಎಂಬ ದುಂಡನೆಯ ಪ್ಲಾಸ್ಟಿಕ್ ದಿಮ್ಮಿ ಬಳಸುತ್ತೇವೆ. ಅದರೊಳಗೆ ಲೋಹದ ಸಪೂರ ಗೆರೆಗಳ ಗುಂಪುಗಳಿರುತ್ತವೆ, ಗುಂಪಿನಿಂದ ಗುಂಪಿಗೆ ಗೆರೆಗಳು ಒತ್ತೊತ್ತಾಗುತ್ತ ಹೋಗುತ್ತವೆ. ಎಷ್ಟು ಒತ್ತಾದ ಗೆರೆಗಳವರೆಗೆ ಬಿಡಿಬಿಡಿಯಾಗಿ ಕಾಣುತ್ತವೆಯೋ ಅದೇ ಯಂತ್ರದ ಸ್ಪೇಷಿಯಲ್ ರೆಸಲ್ಯೂಷನ್. ತಯಾರಕರು ಹೇಳಿದ ಸೆಟ್ಟಿಂಗಿನಲ್ಲಿ ಸೆಂಟಿಮೀಟರಿಗೆ ಹನ್ನೆರಡು ಜೋಡಿ ಗೆರೆಗಳು ಸ್ಪಷ್ಟವಾಗಿ ಕಂಡವು. ಯಂತ್ರ ಪಾಸು. ಫ್ಯಾಂಟಮನ್ನು ಪೆಟ್ಟಿಗೆಗೆ ಇಳಿಸತೊಡಗಿದೆ.

ಅಷ್ಟರಲ್ಲಿ ಟೆಕ್ನೀಷಿಯನ್ ಪ್ರವೀಣ ಒಬ್ಬರನ್ನು ಒಳಗೆ ಕರೆತಂದ. ಲಾಯಿಲದ ಉಮೇಶ, ಖಾಸಗಿ ಬಸ್ಸಿನ ಕಂಡಕ್ಟರ್. ಸೀಟಿ ಊದಿದಾಗಲೆಲ್ಲ ಅವರಿಗೆ ತಲೆ ತಿರುಗುತ್ತಿತ್ತು, ಒಮ್ಮೆ ಫುಟ್‌ಬೋರ್ಡಿನಿಂದ ಬೀಳುವುದೊಂದು ಬಾಕಿ. ಹಿಂದಿನ ದಿನ ಇದೇ ಯಂತ್ರದಲ್ಲಿ ಮಾಡಿದ ಸ್ಕ್ಯಾನಿನಲ್ಲಿ ಒಳಕಿವಿಯ ಮೇಲಿನ ತೆಳುಮೂಳೆಯಲ್ಲಿ ತೂತು ಕಂಡಿತ್ತು. ಅಂಥ ತೂತಿದ್ದರೆ ಜೋರು ಸದ್ದಿಗೆ ತಲೆ ತಿರುಗುವುದುಂಟು, ಹಾಗಾಗಿ ಎಲ್ಲವೂ ತಾಳೆಯಾಗಿತ್ತು. ತಲೆಬುರುಡೆ ತೆರೆದು ಅದನ್ನು ಮುಚ್ಚಬೇಕಾದೀತು ಎಂದು ಕಿವಿ ತಜ್ಞರು ಹೇಳಿದ್ದರು.

"ಮೇಡಂ, ಮಿಷನ್ ಸರಿ ಉಂಟಾ? ತಲೆ ಓಪನ್ ಮಾಡುವ ಮೊದಲು ಒಂದು ಸಲ ಕೇಳುವ ಅಂತ ಬಂದೆ," ಎಂದರು ಉಮೇಶ.

"ಸರಿ ಉಂಟು," ಎಂದೆ. ಅವರ ಮುಖ ಬಾಡಿತು. ಯಂತ್ರ ಕೆಟ್ಟಿರಲಿ ಎಂದು ಹಾರೈಸಿಕೊಂಡು ಬಂದವರನ್ನು ನಾನು ಕಂಡದ್ದು ಅದೇ ಮೊದಲು. ಮನಸ್ಸು ತಡೆಯದೆ ಅವರ ಕೈಯಿಂದ ಫಿಲ್ಮ್ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಕಿವಿಮೂಳೆಯ ಚಿತ್ರ ಸ್ವಲ್ಪ ಒರಟಾಗಿರಬೇಕು. ಇದು ಬೆಣ್ಣೆ ಸವರಿದಷ್ಟು ನುಣುಪಾಗಿತ್ತು.

"ಪ್ರವೀಣಾ, ಇದಕ್ಕೆ ಯಾವ ಕರ್ನಲ್ ಹಾಕಿದ್ದೀರಿ?" ಎಂದು ಕೇಳಿದೆ. ಯಂತ್ರ ಹಿಡಿದ ಕಚ್ಚಾ ಮಾಹಿತಿಯನ್ನು ಚಿತ್ರವಾಗಿಸುವ ಗಣಿತದ ಜರಡಿಗೆ ಕರ್ನಲ್ ಎನ್ನುತ್ತೇವೆ. ಮೂಳೆಗೆ ಶಾರ್ಪ್ ಬೇಕು, ಮೆದು ಭಾಗಗಳಿಗೆ ಸಾಫ್ಟ್.

"ಸಾಫ್ಟ್ ಮೇಡಂ. ಶಾರ್ಪ್ ಹಾಕಿದ್ರೆ ಕಾಳುಕಾಳು ಬರ್ತದೆ. ಫಿಲ್ಮನ್ನು ಮನೆಯವರು, ನೆರೆಕರೆಯವರು ಎಲ್ಲ ಕಿಟಕಿಗೆ ಹಿಡಿದು ನೋಡ್ತಾರೆ. 'ಎಂತ ಮಾರಾಯ, ಸರಿ ಬರ್ಲಿಲ್ಲ' ಅಂತ ವಾಪಸ್ ತರ್ತಾರೆ. ಹಾಗೆ ಎಲ್ಲದಕ್ಕೂ ಇದನ್ನೇ ಇಟ್ಟಿದ್ದೇನೆ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನಮ್ಮೂರಿನ ಮಟ್ಟಿಗೆ ಅವನ ಮಾತು ನಿಜವೇ. ಇಲ್ಲಿ ಸ್ಕ್ಯಾನ್ ಫಿಲ್ಮ್ ಮದುವೆ ಆಲ್ಬಮ್ಮಿನ ಹಾಗೆ ಮನೆಮನೆ ಸುತ್ತುತ್ತದೆ. ಫ್ಯಾಂಟಮನ್ನು ಮತ್ತೆ ಹೊರತೆಗೆದು ಉಮೇಶರಿಗೆ ಬಳಸಿದ ಸೆಟ್ಟಿಂಗಿನಲ್ಲೇ ಸ್ಕ್ಯಾನ್ ಮಾಡಿದೆ. ಆರು ಜೋಡಿಯ ಆಚೆಗಿನ ಗೆರೆಗಳೆಲ್ಲ ಕಲಸಿಹೋದವು. ಲೋಹದ ಗೆರೆಗಳೇ ಕರಗುವಲ್ಲಿ ಕಾಗದದಷ್ಟು ತೆಳ್ಳಗಿನ ಮೂಳೆ ಕಾಣುವುದುಂಟೇ? ಕಾಣದ ಮೂಳೆಯ ಜಾಗ ತೂತಿನಂತೆಯೇ ತೋರುತ್ತದೆ.

ಹಿಂದಿನ ದಿನದ ಕಚ್ಚಾ ಮಾಹಿತಿ ಉಳಿದಿದ್ದರೆ ಅದರಿಂದಲೇ ಹೊಸ ಚಿತ್ರ ಮಾಡಬಹುದಿತ್ತು. ಆದರೆ ಹೊಸ ರೋಗಿಗಳು ಬಂದಂತೆ ಯಂತ್ರ ಹಳೆಯದನ್ನು ತಾನೇ ಅಳಿಸುತ್ತದೆ. ಪ್ರವೀಣ ಪಟ್ಟಿ ಜಾಲಾಡತೊಡಗಿದ, ನಾನು ಅವನ ಹಿಂದೆ ನಿಂತು ಒಂದೊಂದೇ ಹೆಸರು ಓದುತ್ತ ಹೋದೆ.

"ಉಂಟು ಮೇಡಂ, ಉಂಟು!"

ಶಾರ್ಪ್ ಕರ್ನಲಿನಲ್ಲಿ ಬಂದ ಚಿತ್ರ ನೋಡಲು ಚಂದವಿರಲಿಲ್ಲ. ಆದರೆ ತೂತು ಕಂಡಿದ್ದ ಜಾಗದಲ್ಲಿ ಬಿಳಿಯ ಸಪೂರ ಗೆರೆಯೊಂದು ಎಲ್ಲೂ ಕಡಿಯದೆ ಹಾದುಹೋಗಿತ್ತು. ವರದಿ ಬರೆದಿದ್ದ ರೇಡಿಯಾಲಜಿಸ್ಟರಿಗೆ ಕಳುಹಿಸಿದೆವು. ಅವರು ಎರಡೆರಡು ಸಲ ನೋಡಿ, "ಮೂಳೆ ಸರಿಯಾಗಿ ಉಂಟು, ನಾನು ಕಿವಿ ಡಾಕ್ಟ್ರಿಗೆ ಈಗಲೇ ಹೇಳ್ತೇನೆ," ಎಂದು ಫೋನ್ ಮಾಡಿದರು.

ಉಮೇಶ ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟರು. ನಾನು ಹೊರಗೆ ಹೋಗಿ ಅವರಿಗೆ ನೀರು ತಂದುಕೊಟ್ಟೆ.

ಕಿವಿ ತಜ್ಞರು ಅವರನ್ನು ಹೊಸದಾಗಿ ಪರೀಕ್ಷಿಸಿದರು. ಸೀಟಿ ಊದುವಾಗ ಉಮೇಶ ಪ್ರತಿ ಸಲವೂ ಬಸ್ಸಿನ ಹಿಂದಕ್ಕೆ ಕತ್ತು ತಿರುಗಿಸುತ್ತಿದ್ದರು. ತೊಂದರೆ ಇದ್ದದ್ದು ಸದ್ದಿನಲ್ಲಲ್ಲ, ಕತ್ತು ತಿರುಗಿಸುವುದರಲ್ಲಿ. ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದವು. ಮಂಚದಲ್ಲಿ ಮಲಗಿಸಿ ತಲೆಯನ್ನು ಅತ್ತಿತ್ತ ವಾಲಿಸುವ ಚಿಕಿತ್ಸೆಯಲ್ಲೇ ಗುಣವಾಯಿತು.

ಅಂದಿನಿಂದ ಪ್ರತಿ ಯಂತ್ರವನ್ನೂ ಎರಡು ಸಲ ಅಳೆಯುತ್ತೇನೆ, ಒಮ್ಮೆ ತಯಾರಕರ ಸೆಟ್ಟಿಂಗಿನಲ್ಲಿ, ಮತ್ತೊಮ್ಮೆ ಅಲ್ಲಿನ ರೋಗಿಗಳಿಗೆ ದಿನವೂ ಬಳಸುವ ಸೆಟ್ಟಿಂಗಿನಲ್ಲಿ. ಎರಡನೆಯದನ್ನು ಯಾರೂ ಕೇಳುವುದಿಲ್ಲ. ಆದರೂ ಮಾಡುತ್ತೇನೆ, ಏಕೆಂದರೆ ಆ ದಿನ ನಾನು ಪಾಸು ಮಾಡಿದ ಯಂತ್ರವೇ ಒಬ್ಬ ಮನುಷ್ಯನ ತಲೆ ತೆರೆಸುವುದರಲ್ಲಿತ್ತು.