ಗಾಜಿನ ಸಂದಿಗೊಂದು ಹೊಸ ಗಾಳಿ

ನಮ್ಮ ಮೇಡಂ ಅವರ ಬೆರಳ ತುದಿಗಳು ಸದಾ ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿರುತ್ತಿದ್ದವು. ಪ್ರಯೋಗಾಲಯಕ್ಕೆ ಬಂದವರೇ ಅನಿಲದ ಕೊಳವೆಗಳ ಜೋಡಣೆಗೆಲ್ಲ ಸೋಪಿನ ನೀರು ಹಚ್ಚಿ, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದರು. "ಸೋರಿದ್ದು ಕಣ್ಣಿಗೆ ಕಾಣಲ್ಲಮ್ಮ, ಆದ್ರೆ ಹೋಗಿರ್ತೈತೆ" ಎನ್ನುತ್ತಿದ್ದರು.

ಹರಿಹರದಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬರುತ್ತಿದ್ದ ಅವರು ನನ್ನ ಪಿಎಚ್.ಡಿ. ಮಾರ್ಗದರ್ಶಕರು. ಆಕಾಶದಿಂದ ಸುರಿಯುವ ಸೂಕ್ಷ್ಮ ಕಣಗಳನ್ನು ಪತ್ತೆ ಹಚ್ಚುವ ಉಪಕರಣವೊಂದನ್ನು ಇಬ್ಬರೂ ಸೇರಿ ಕಟ್ಟಿದ್ದೆವು. ಎರಡು ಗಾಜಿನ ಹಾಳೆ, ನಡುವಿನ ಸಂದಿನಲ್ಲಿ ಹರಿಯುವ ಅನಿಲ. ಕಣವೊಂದು ಹಾದುಹೋದರೆ ಪರದೆಯ ಮೇಲೆ ಗೆರೆ ನೆಗೆಯುತ್ತಿತ್ತು. ನಾವು ಬಳಸುತ್ತಿದ್ದುದು ಫ್ರಿಜ್ಜಿಗೆ ತುಂಬುವಂಥ ಅನಿಲ. ಕೆಲಸದಲ್ಲಿ ಚೊಕ್ಕ, ಹೊರಬಿದ್ದರೆ ಭೂಮಿಯನ್ನು ಕಾಯಿಸುವುದರಲ್ಲೂ ಅಷ್ಟೇ ಜೋರು.

ನನ್ನ ಪ್ರಬಂಧ ಇನ್ನೇನು ಮುಗಿಯಬೇಕು, ಒಂದು ಸೋಮವಾರ ಬಾಗಿಲು ತೆಗೆದರೆ ಸಿಲಿಂಡರ್ ಖಾಲಿ. ಎಲ್ಲವೂ ಸೋರಿಹೋಗಿತ್ತು. ಮೇಡಂ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಇನ್ನೊಂದು ತರಿಸೋಣ ಮೇಡಂ" ಎಂದೆ.

"ಬ್ಯಾಡಮ್ಮ. ಭೂಮಿ ಕಾಯ್ಸೋ ಈ ಅನಿಲ ಸಾಕು. ಬ್ಯಾರೆ ಹುಡುಕೋಣ."

ನನಗೆ ಅಳುವೇ ಬಂತು. ಕೆ.ಬಿ. ಬಡಾವಣೆಯ ಮನೆಯಲ್ಲಿ ಅಪ್ಪ ಆಗಲೇ "ಯಾವಾಗ ಮುಗೀತೈತೆ?" ಎಂದು ದಿನಾ ಕೇಳುತ್ತಿದ್ದರು.

"ಮತ್ತೆ ನನ್ನ ಪ್ರಬಂಧ ಹೆಂಗೆ ಮೇಡಂ?"

"ನಾನಿದೀನಲ್ಲ. ರಜಾದಾಗೂ ಬರ್ತೀನಿ."

ಬಂದರು. ಬೇಸಿಗೆ ರಜೆಯಿಡೀ ಬೆವರು ಒರೆಸಿಕೊಳ್ಳುತ್ತಾ ಬಂದರು. ಭೂಮಿಯನ್ನು ಅಷ್ಟಾಗಿ ಕಾಯಿಸದ ಹೊಸ ಅನಿಲ ತುಂಬಿದೆವು. ಹಾಳೆಗಳಿಗೆ ಕೊಡುವ ವೋಲ್ಟೇಜು ಏರಿಸಿದರೂ ಗೆರೆ ಏಳಲಿಲ್ಲ. ಇನ್ನೂ ಏರಿಸಿದರೆ ಬರೀ ಕಿಡಿ. ಆಗ ಮೇಡಂ ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಬೆರೆಸೋಣ ಎಂದರು. "ಸೋಡಾದಾಗ ಇರ್ತೈತಲ್ಲ, ಅದೇ. ಹಳೇ ಅನಿಲದ ಮುಂದೆ ಇದು ಕಾಯ್ಸೋದು ಏನೂ ಅಲ್ಲ." ಹದ ಬದಲಿಸುತ್ತಾ, ಕೆಡಿಸುತ್ತಾ, ಮತ್ತೆ ಬೆರೆಸುತ್ತಾ ಹೋದೆವು. ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಗೆರೆ ನೆಗೆಯಿತು. ಮೇಡಂ ನನ್ನ ರಟ್ಟೆ ಹಿಡಿದು, "ನೋಡು, ನೋಡು!" ಎಂದು ಚಿಕ್ಕ ಹುಡುಗಿಯಂತೆ ಕೂಗಿದರು.

ಪ್ರಬಂಧದ ಕೊನೆಯಲ್ಲಿ ನಾನು 'ಪರಿಹಾರ ಸಿಕ್ಕಿದೆ' ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿಸಿದರು. "ಈ ಹೊಸ ಅನಿಲ ವರ್ಷಗಟ್ಟಲೆ ಓಡಿಸಿದ್ರೆ ಗಾಜು ತಡೀತೈತೋ ಇಲ್ವೋ, ನಮಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಬರಿ." ಹಾಗೆಯೇ ಬರೆದೆ. ಇವತ್ತಿಗೂ ನಾನು ಮಾಡುತ್ತಿರುವುದು ಆ ಗಾಜಿನ ಪರೀಕ್ಷೆಯನ್ನೇ.

ನನ್ನ ಮೌಖಿಕ ಪರೀಕ್ಷೆಗೆ ಮೇಡಂಗೆ ಬರಲಾಗಲಿಲ್ಲ. ಪಿ.ಜೆ. ಬಡಾವಣೆಯ ಆಸ್ಪತ್ರೆಯೊಂದರಲ್ಲಿದ್ದರು, ಅದೇ ವಾರ ತೀರಿಕೊಂಡರು. ಅದಕ್ಕೂ ಮೊದಲು, ಪರೀಕ್ಷೆ ಮುಗಿಸಿದ ದಿನವೇ ನೇರ ಅಲ್ಲಿಗೆ ಓಡಿದ್ದೆ. ನನ್ನನ್ನು ಕಂಡು ದಿಂಬಿಗೆ ಒರಗಿ ಎದ್ದು ಕೂತರು.

"ಬರ್ರಿ ಡಾಕ್ಟ್ರೇ, ಕೂಡ್ರಿ" ಎಂದರು.

ಆಸ್ಪತ್ರೆಯ ಡಾಕ್ಟರು ಬಂದರೇನೋ ಎಂದು ಹಿಂತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.