ಕಂಪ್ಯೂಟರ್ ಕ್ಲಾಸಿನ ಕಾಕು

ಕಲಬುರಗಿಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದ ದಿನಗಳಲ್ಲಿ ನನ್ನ ತಾಯಿಗಿಂತ ಹಿರಿಯ ಮಹಿಳೆಯೊಬ್ಬರು ತರಗತಿಗೆ ಸೇರಿದರು. ಅವರ ಯಜಮಾನರ ಹಳೆಯ ಪ್ರಿಂಟಿಂಗ್ ಪ್ರೆಸ್ ಮುಚ್ಚಿತ್ತು, ಮಗಳ ಓದು ಇನ್ನೂ ಎರಡು ವರ್ಷ ಉಳಿದಿತ್ತು. ಹುಡುಗಿಯರೆಲ್ಲ ಅವರನ್ನು ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎನ್ನುತ್ತಿದ್ದರು. ನಾನೂ ಹಾಗೆ ಕರೆದಾಗ ಮಾತ್ರ ಎದ್ದು ನಿಂತು, “ಇಲ್ಲಿ ನೀವು ಸರ್ರು. ತಪ್ಪು ಮಾಡಿದ್ರ ಬೈರಿ,” ಎಂದರು.

ಬೈಯುವ ಪ್ರಸಂಗವೇ ಬರಲಿಲ್ಲ. ಹೋಳಿಗೆ ತಟ್ಟಲು ಕೂತವರಂತೆ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡೇ ಅವರು ಕೀಬೋರ್ಡ್ ಮುಟ್ಟುತ್ತಿದ್ದರು. ಅಕ್ಷರ ತಪ್ಪಿದರೆ ಜೋರಾಗಿ ನಗುತ್ತಿದ್ದರು. “ತಪ್ಪಾದ್ರ ಏನಾತ್ರೀ, ಅಳಸ್ಲಿಕ್ಕೆ ಬರ್ತದಲ್ಲ!”

ಕಮಲಾಪುರದ ಶಾಲೆಯೊಂದರ ಕಚೇರಿ ಕೆಲಸಕ್ಕೆ ಅವರನ್ನು ಸಂದರ್ಶನಕ್ಕೆ ಕರೆದರು. ಜೊತೆಗೆ ಹೋದ ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಪತ್ರ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಕರೆಂಟ್ ಹೋಗಿ ಎಲ್ಲವೂ ಅಳಿಸಿಹೋಯಿತು. ನಡುನಡುವೆ ಸೇವ್ ಮಾಡಬೇಕೆಂದು ಹೇಳಿಕೊಡುವುದನ್ನು ನಾನೇ ಮರೆತಿದ್ದೆ.

ಕರೆಂಟ್ ಬಂತು. “ಮತ್ತ ಬರೀತೀನ್ರೀ. ಮೊದಲಿಂದು ನನಗೂ ಅಷ್ಟು ಮನಸ್ಸಿಗೆ ಬಂದಿದ್ದಿಲ್ಲ,” ಎಂದು ಕಾಕು ಶುರುಮಾಡಿಯೇ ಬಿಟ್ಟರು. ಹೆಡ್‌ಮಾಸ್ಟರು ನಕ್ಕರು. ಕೆಲಸ ಸಿಕ್ಕಿತು.

ಮರುದಿನ ಅವರು ಕಮಲಾಪುರದ ಕೆಂಪು ಬಾಳೆಹಣ್ಣು ತಂದು ತರಗತಿಗೆಲ್ಲ ಹಂಚಿದರು. ಸೇವ್ ಮಾಡುವುದನ್ನು ಕಲಿಸದೇ ಇದ್ದದ್ದು ನನ್ನದೇ ತಪ್ಪೆಂದು ನಾನು ಒಪ್ಪಿಕೊಂಡೆ. ನನ್ನ ಕೈಯಲ್ಲಿ ಎರಡು ಹಣ್ಣಿಟ್ಟು ಅವರು ಕಣ್ಣರಳಿಸಿದರು.

“ಹಂಗಾದ್ರ ಕಲಿಯೋದು ಇನ್ನೂ ಅದ ಅಂದಂಗಾತು, ಸರ್. ನೌಕರಿ ಮುಗಿಸ್ಕೊಂಡು ಸಂಜಿ ಬ್ಯಾಚಿಗೆ ಬರ್ಲೇನ್ರೀ?”